ಹಾರ್ಮೋನ್ ಡಾಕ್ಟ್ರು ಮತ್ತು ಚಿಕ್ಕಮ್ಮನ ಕಾರ್ಡು

ತುಂಬಾ ದಿನದಿಂದ ಬರೀಬೇಕು ಅಂದ್ಕೊಂಡಿದ್ದೆ, ಇವತ್ತು ಮುಹೂರ್ತ ಕೂಡಿ ಬಂತು.

ತಿಪಟೂರಿನ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಚಿಕ್ಕಮ್ಮ ಕಳೆದ ವರ್ಷ ಇದ್ದಕ್ಕಿದ್ದಂತೆ ಸೊರಗತೊಡಗಿದರು. ಕೈ ನಡುಕ, ಎದೆ ಡವಡವ, ರಾತ್ರಿ ನಿದ್ದೆ ಇಲ್ಲ. ಯಾರದೋ ಕಣ್ಣು ಬಿದ್ದಿದೆ ಅಂತ ದೃಷ್ಟಿ ತೆಗೆದದ್ದೂ ಆಯ್ತು. ಕೊನೆಗೆ ಡಾಕ್ಟ್ರು ರಕ್ತಪರೀಕ್ಷೆಯ ರಿಪೋರ್ಟ್ ನೋಡಿ, "ಥೈರಾಯ್ಡ್ ಜಾಸ್ತಿ ಕೆಲಸ ಮಾಡ್ತಿದೆ ಕಣಮ್ಮ, ಬೆಂಗಳೂರಲ್ಲಿ ಎಂಡೋಕ್ರೈನಾಲಜಿಸ್ಟ್ ಹತ್ರ ತೋರಿಸಿ" ಅಂದರಂತೆ.

ಚಿಕ್ಕಮ್ಮನಿಗೆ ಆ ಹೆಸರು ಬಾಯಲ್ಲಿ ತಿರುಗಲಿಲ್ಲ, ಆದರೆ ಧೈರ್ಯ ಮಾತ್ರ ಇತ್ತು. "ನನ್ ಹತ್ರ ಐದು ಲಕ್ಷದ ಕಾರ್ಡ್ ಐತಲ್ಲಪ್ಪ" ಅಂತ ಆಯುಷ್ಮಾನ್ ಕಾರ್ಡನ್ನು ಸೆರಗಿನಲ್ಲಿ ಸುತ್ತಿಕೊಂಡೇ ಬಸ್ ಹತ್ತಿದ್ದರು.

ಕರೆದುಕೊಂಡು ಹೋದೆ. ಆಸ್ಪತ್ರೆಯ ಬಾಗಿಲಲ್ಲೇ ಯೋಜನೆಯ ದೊಡ್ಡ ಬೋರ್ಡ್! ಕೌಂಟರಿನ ಹುಡುಗಿ ಕಾರ್ಡ್ ನೋಡಿ ಹೇಳಿದ್ದು ಒಂದೇ ಮಾತು: "ಅಡ್ಮಿಟ್ ಆದ್ರೆ ಮಾತ್ರ ಸಾರ್, ಓಪಿಡಿಗೆ ಬರಲ್ಲ." ಇನ್ನೆರಡು ಕಡೆ ವಿಚಾರಿಸಿದೆ, ಅದೇ ಉತ್ತರ. ಡಾಕ್ಟರ ಫೀಸು, ರಕ್ತಪರೀಕ್ಷೆ, ಮಾತ್ರೆ ಎಲ್ಲಾ ನನ್ನ ಜೇಬಿನಿಂದ. ಹೊರಗೆ ಬಂದ ಮೇಲೆ ಚಿಕ್ಕಮ್ಮ, "ಹಂಗಾದ್ರೆ ನಾನು ಇನ್ನೂ ಜೋರಾಗಿ ಕಾಯಿಲೆ ಬೀಳಬೇಕೇನೋ?" ಅಂದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಯೋಚಿಸಿದರೆ ಆ ಹುಡುಗಿಯದೇನೂ ತಪ್ಪಿಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಕೊಡುವುದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಗೆ. ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿ, ಅಷ್ಟೇ. ಚಿಕ್ಕಮ್ಮನ ಕಾಯಿಲೆಗೆ ಒಂದೂವರೆ ವರ್ಷ ಮಾತ್ರೆ ಬೇಕು, ಶುರುವಿನಲ್ಲಿ ಒಂದೊಂದೂವರೆ ತಿಂಗಳಿಗೊಮ್ಮೆ ರಕ್ತ ನೋಡಿ ಡೋಸ್ ಬದಲಿಸಬೇಕು. ಹಾಸಿಗೆ ಮೇಲೆ ಮಲಗುವ ಕಾಯಿಲೆಯೇ ಅಲ್ಲ ಇದು. ಸಕ್ಕರೆ ಕಾಯಿಲೆಯೂ ಹೀಗೇ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಅದು ಇದೆ.

ಅಂದರೆ ಲೆಕ್ಕ ಏನಾಯ್ತು ನೋಡಿ. ಥೈರಾಯ್ಡ್ ಗ್ರಂಥಿ ಕೊಯ್ದು ತೆಗೆಯುವುದಕ್ಕೆ ಕಾರ್ಡ್ ಬರುತ್ತೆ, ಮಾತ್ರೆಯಲ್ಲಿ ಹತೋಟಿಗೆ ತರುವುದಕ್ಕೆ ಬರಲ್ಲ. ಸಕ್ಕರೆ ಕಾಯಿಲೆಯಲ್ಲಿ ಕೊಳೆತ ಕಾಲು ಕತ್ತರಿಸಲು ಬರುತ್ತೆ, ಕಾಲು ಉಳಿಸುವ ಡಾಕ್ಟರ ಫೀಸಿಗೆ ಬರಲ್ಲ!

"ಓಪಿಡಿಗೂ ಕೊಟ್ಟರೆ ಸುಳ್ಳು ಬಿಲ್ ಬರೀತಾರೆ, ಸರ್ಕಾರ ದಿವಾಳಿ ಆಗುತ್ತೆ" ಅನ್ನುವವರಿದ್ದಾರೆ. ಭಯ ಸುಳ್ಳಲ್ಲ. ಆದರೆ 1952ರಲ್ಲಿ ಶುರುವಾದ ಇಎಸ್ಐ ಯೋಜನೆ ಕಾರ್ಮಿಕರಿಗೆ ಹೊರರೋಗಿ ಚಿಕಿತ್ಸೆಯನ್ನೂ ಕೊಡ್ತಾ ಬಂದಿದೆಯಲ್ಲ? ಮೊದಲು ಡಿಸ್ಪೆನ್ಸರಿ, ಅಲ್ಲಿಂದ ಆಸ್ಪತ್ರೆ, ಬೇಕಾದರೆ ತಜ್ಞರಿಗೆ ರೆಫರ್. ಕ್ಯೂ ಉದ್ದ, ನಿಜ. ಆದರೆ ದಾರಿ ಇದೆ.

ಅಂದಹಾಗೆ ಚಿಕ್ಕಮ್ಮನಿಗೆ ಕೈ ಹಿಡಿದಿದ್ದೂ ಅದೇ ದಾರಿ. ಅವರ ಮಗ ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸಗಾರ. ಪ್ರತಿ ತಿಂಗಳು ಸಂಬಳದಲ್ಲಿ 0.75% ಇಎಸ್ಐಗೆ ಹೋಗುತ್ತೆ. ಅವಲಂಬಿತ ತಾಯಿಯ ಹೆಸರನ್ನೂ ಸೇರಿಸಬಹುದು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಸೇರಿಸಿದೆವು. ಓಡಾಟ ಸಾಕಷ್ಟಾಯ್ತು, ಆದರೆ ಈಗ ಮಾತ್ರೆ ಸಿಗ್ತಿದೆ, ಕೈ ನಡುಕ ನಿಂತಿದೆ.

ಮಗ ಫ್ಯಾಕ್ಟರಿಯಲ್ಲಿಲ್ಲದ ತಾಯಂದಿರ ಗತಿ? ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಕರ್ನಾಟಕ ಎಂಡೋಕ್ರೈನಾಲಜಿ ಸಂಶೋಧನಾ ಸಂಸ್ಥೆ ಇದೆ. ಆದರೆ ಎಂಬಿಬಿಎಸ್, ಎಂಡಿ ಆದ ಮೇಲೆ ಮತ್ತೆ ಮೂರು ವರ್ಷ ಡಿಎಂ ಓದಿದ ಡಾಕ್ಟ್ರನ್ನ ತಾಲ್ಲೂಕು ತಾಲ್ಲೂಕಿಗೂ ಕೊಡಿ ಅಂತ ನಾನೇನೂ ಕೇಳ್ತಿಲ್ಲ. ತಿಂಗಳಿಗೊಂದು ದಿನ ಜಿಲ್ಲಾಸ್ಪತ್ರೆಗೆ ಬರಲಿ, ವರ್ಷಕ್ಕೆ ಐದಾರು ಓಪಿಡಿ ಭೇಟಿಗಳಾದರೂ ಕಾರ್ಡಿನಲ್ಲಿ ಸೇರಲಿ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಎಸ್ಐ ಕಟ್ಟುವವರಿದ್ದರೆ, ಅಪ್ಪ ಅಮ್ಮನ ಹೆಸರು ಸೇರಿಸಿದ್ದೀರಾ ಅಂತ ಇವತ್ತೇ ಒಂದು ಮಾತು ಕೇಳಿ. ನಿಮ್ಮೂರಲ್ಲಿ ಬೇರೆ ದಾರಿ ಇದ್ದರೆ ನನಗೂ ತಿಳಿಸಿ. ಏನಂತೀರಿ?