ಆಪರೇಷನ್ನಿನ ತನಕ ಯಾಕೆ ಕಾಯಬೇಕು?

ಥಾಣೆಯ ವರ್ತಕ ನಗರ, ಲೋಕಮಾನ್ಯ ನಗರ, ಸಾವರ್ಕರ್ ನಗರದ ಅಕ್ಕತಂಗಿಯರೆ, ಅಣ್ಣತಮ್ಮಂದಿರೆ,

ಮೊದಲ ಕೂಸಿಗೆ ಹಾಲು ಬಿಡಿಸಿರುವುದಿಲ್ಲ, ಅಷ್ಟರಲ್ಲಿ ಮತ್ತೆ ತಿಂಗಳು ನಿಲ್ಲುತ್ತದೆ. ನಮ್ಮ ಚಾಳುಗಳಲ್ಲಿ ಇದು ಹೊಸ ಸುದ್ದಿಯೇನಲ್ಲ. ಬೇಡವಾದರೂ ಹೆರಬೇಕು, ಇಲ್ಲವೆ ಗಂಡ ಮೆಡಿಕಲ್ಲಿನಿಂದ ತಂದ ಗುಳಿಗೆ ನುಂಗಿ ಬಾಯಿ ಮುಚ್ಚಿಕೊಂಡು ನರಳಬೇಕು. ಆಮೇಲೆ 'ಎರಡಾಯಿತಲ್ಲ, ಆಪರೇಷನ್ ಮಾಡಿಸಿಬಿಡು' ಅನ್ನುತ್ತಾರೆ ಅತ್ತೆ.

ಮಾಡಿಸಿಕೊಳ್ಳುವವಳು ಹೆಚ್ಚಾಗಿ ಹೆಂಡತಿಯೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರು ವಿವಾಹಿತ ಹೆಂಗಸರಲ್ಲಿ 57 ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ ಇಡೀ ದೇಶದಲ್ಲೇ ಸಾವಿರಕ್ಕೆ ಮೂರು. ಅದಕ್ಕೆ ಹೊಲಿಗೆ ಇಲ್ಲ, ಕಾಲು ಗಂಟೆಯ ಕೆಲಸ, ಅದೇ ದಿನ ಮನೆಗೆ. ಮೂರು ತಿಂಗಳು ನಿರೋಧ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿದರೆ ಮುಗಿಯಿತು. 'ಕಸುವು ಹೋಗುತ್ತದೆ' ಎಂಬುದು ಬರೀ ಸುಳ್ಳು. ಹೋಟೆಲಿನ ಭಟ್ಟಿಯ ಮುಂದೆ ನಿಲ್ಲುವವನಿಗೂ, ಸ್ಲ್ಯಾಬಿಗೆ ಕಾಂಕ್ರೀಟು ಹೊರುವವನಿಗೂ ಅದರಿಂದ ಶಕ್ತಿ ಕುಂದುವುದಿಲ್ಲ.

ಇನ್ನೂ ಮಕ್ಕಳು ಬೇಕು, ಆದರೆ ಈಗಲೇ ಬೇಡ ಅನ್ನುವವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ಸಿಗುವುದು ಬೇಕಾದಷ್ಟಿದೆ. ಊರಲ್ಲಿ ನಾವು ವಂಕಿ ಅನ್ನುವುದನ್ನು ಇಲ್ಲಿ 'ತಾಂಬಿ' ಎಂದು ಕೇಳಿ: ಒಂದು ಬಗೆ ಐದು ವರ್ಷಕ್ಕೆ, ಇನ್ನೊಂದು ಹತ್ತು ವರ್ಷಕ್ಕೆ, ಬೇಡವೆನಿಸಿದ ದಿನ ತೆಗೆಸಬಹುದು. ಹೆರಿಗೆಯಾದ 48 ಗಂಟೆಯೊಳಗೇ ಹಾಕಿಸಿಕೊಳ್ಳಲೂಬಹುದು. 'ಅಂತರಾ' ಇಂಜೆಕ್ಷನ್ ಮೂರು ತಿಂಗಳಿಗೊಮ್ಮೆ. ಇದರಿಂದ ಮುಟ್ಟು ಏರುಪೇರಾಗಬಹುದು, ನಿಂತೂ ಹೋಗಬಹುದು. ಗಾಬರಿ ಬೇಡ, ನರ್ಸಿಗೆ ತಿಳಿಸಿ. 'ಛಾಯಾ' ಗುಳಿಗೆ ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಹಾಲೂಡಿಸುವ ತಾಯಿಗೂ ಆಗುತ್ತದೆ. ದಿನಾ ನುಂಗುವ 'ಮಾಲಾ-ಎನ್' ಬೇರೆ ಇದೆ. ರಾತ್ರಿ ಎಡವಟ್ಟಾದರೆ 72 ಗಂಟೆಯೊಳಗೆ ತುರ್ತು ಗುಳಿಗೆ. ಲೈಂಗಿಕ ರೋಗವನ್ನೂ ತಡೆಯುವುದು ನಿರೋಧ್ ಒಂದೇ. ಊರಿಂದ ವರ್ಷಕ್ಕೆರಡು ಸಲ ಬಂದುಹೋಗುವ ಹೆಂಡತಿಗೆ ಯಾವುದು ಹೊಂದುತ್ತದೆ, ಬಿ.ಪಿ. ಇರುವವರಿಗೆ ಯಾವುದು ಬೇಡ ಎಂಬುದನ್ನು ಡಾಕ್ಟರನ್ನೇ ಕೇಳಬೇಕು, ಪಕ್ಕದ ಮನೆಯವರನ್ನಲ್ಲ.

ಇದೆಲ್ಲ ಪರದೇಶದ ಚಾಳಿ ಎನ್ನುವ ಹಿರಿಯರಿಗೆ ಒಂದು ಮಾತು. ಮುಂಬಯಿಯಲ್ಲಿ ರಘುನಾಥ ಧೋಂಡೊ ಕರ್ವೆ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದದ್ದು 1921ರಲ್ಲಿ. ಆ ಹಟಕ್ಕೆ ಕಾಲೇಜಿನ ನೌಕರಿಯನ್ನೇ ಕಳೆದುಕೊಂಡರು. 1930ರಲ್ಲಿ ನಮ್ಮ ಮೈಸೂರು ಸಂಸ್ಥಾನ ತನ್ನ ಸರ್ಕಾರಿ ಆಸ್ಪತ್ರೆಗಳಲ್ಲೇ ಇಂಥ ಕ್ಲಿನಿಕ್ಕುಗಳನ್ನು ತೆರೆಯಿತು. ಅಜ್ಜಿಯ ಕಾಲದಲ್ಲೇ ಸಿಕ್ಕದ್ದು ಮೊಮ್ಮಗಳಿಗೆ ಯಾಕೆ ಸಿಗಬಾರದು?

ವಂಕಿ, ಇಂಜೆಕ್ಷನ್, ಆಪರೇಷನ್ ಯಾವುದಕ್ಕೂ ಗಂಡನ ಸಹಿ ಬೇಕೆಂಬ ನಿಯಮವಿಲ್ಲ. ಯಾರಾದರೂ ಕೇಳಿದರೆ ನಿಯಮ ತೋರಿಸಿ ಎನ್ನಿ. ಬಳಸಿದ ಸಾಧನ ಕೈಕೊಟ್ಟು ಬಸಿರಾದರೆ, ಮದುವೆಯಾಗಿರಲಿ ಆಗದಿರಲಿ, 20 ವಾರದೊಳಗೆ ಡಾಕ್ಟರ ಬಳಿ ಗರ್ಭಪಾತ ಮಾಡಿಸಿಕೊಳ್ಳಲು ಕಾನೂನಿನ ಅವಕಾಶವಿದೆ; 2021ರ ತಿದ್ದುಪಡಿ ಇದನ್ನು ಖಚಿತಪಡಿಸಿದೆ. ಮೆಡಿಕಲ್ಲಿನಿಂದ ಕದ್ದುಮುಚ್ಚಿ ತಂದ ಗುಳಿಗೆಗೆ ಪ್ರಾಣ ಒತ್ತೆಯಿಡಬೇಡಿ.

ಈ ವಾರ ಇಬ್ಬಿಬ್ಬರಾಗಿ ಹೋಗಿ, ಮರಾಠಿ ಬಲ್ಲವಳೊಬ್ಬಳು ಜೊತೆಗಿರಲಿ. ಹತ್ತಿರದ ಮಹಾನಗರಪಾಲಿಕೆ ಆರೋಗ್ಯ ಕೇಂದ್ರ, ಇಲ್ಲವೆ ಕಳ್ವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ. ಕಲ್ಯಾಣದವರಿಗೆ ರುಕ್ಮಿಣಿಬಾಯಿ, ಡೊಂಬಿವಲಿಯವರಿಗೆ ಶಾಸ್ತ್ರಿನಗರ ಆಸ್ಪತ್ರೆ. ಕೇಳಿದ್ದು ಸಿಗದೆ ವಾಪಸು ಕಳಿಸಿದರೆ ದಿನಾಂಕ ಬರೆದಿಟ್ಟು ನಮಗೆ ತಿಳಿಸಿ.

ಪಾಲಿಕೆಗೆ ನಮ್ಮ ಬೇಡಿಕೆ ಇಷ್ಟೆ: ಎಲ್ಲ ಸಾಧನಗಳೂ ಸದಾ ದಾಸ್ತಾನಿರಲಿ. ಮನೆಗೆಲಸ ಮುಗಿಸಿ ಬರುವವರಿಗಾಗಿ ಸಂಜೆಯೂ ಬಾಗಿಲು ತೆರೆದಿರಲಿ. ಕನ್ನಡದಲ್ಲೊಂದು ಫಲಕವಿರಲಿ. ಅರ್ಜಿ ಹಿಡಿದು ಮನೆಮನೆಗೆ ಬರುತ್ತೇವೆ. ಹೆಂಗಸರ ಸಹಿಯ ಪಕ್ಕದಲ್ಲೇ ಗಂಡಸರ ಸಹಿಗೂ ಜಾಗ ಬಿಟ್ಟಿದ್ದೇವೆ.

— ನಿಮ್ಮ ನೆರೆಹೊರೆಯ ಕನ್ನಡದ ಹೆಂಗಸರು