ಬ್ಯಾಲೆ ಹುಡುಗಿ ಕಾಲೇಜಿಗೆ ಹೋದರೆ ಕೆಟ್ಟಳೇ?

ಅಮೆರಿಕದ ಬ್ಯಾಲೆ ಶಾಲೆಗಳಲ್ಲಿ ಹದಿನೇಳರ ಹುಡುಗಿಯರಿಗೆ ಇವತ್ತಿಗೂ ಹೇಳುವ ಮಾತು ಒಂದೇ: ಕಾಲೇಜಿಗೆ ಸೇರಿದೆಯೋ, ನಿನ್ನ ಕುಣಿತ ಮುಗಿಯಿತು. ಹದಿನೆಂಟಕ್ಕೆ ವೃತ್ತಿಪರ ಬ್ಯಾಲೆ ಕಂಪನಿ ಸೇರದವಳು ಸೋತವಳು. ಹೀಗೆ ಹೆದರಿಸುವ ಗುರುಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಇವರಿಗೆ ತಮ್ಮ ಕಲೆಯ ಚರಿತ್ರೆಯೇ ನೆನಪಿಲ್ಲ. ಅಮೆರಿಕದಲ್ಲಿ ‘ನಟ್‌ಕ್ರ್ಯಾಕರ್’ ಬ್ಯಾಲೆಯನ್ನು ಮೊದಲ ಸಲ ಇಡಿಯಾಗಿ ರಂಗಕ್ಕೆ ತಂದವರು ವಿಲಂ ಕ್ರಿಸ್ಟೆನ್ಸನ್, 1944ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. 1951ರಲ್ಲಿ ಅವರು ಬ್ಯಾಲೆ ಕಲಿಸಲು ಹೋದದ್ದು ಎಲ್ಲಿಗೆ? ಯೂಟಾ ವಿಶ್ವವಿದ್ಯಾಲಯಕ್ಕೆ. ಇಂದು ಮಕ್ಕಳು ಸೇರಲು ಹಂಬಲಿಸುವ ಬ್ಯಾಲೆ ವೆಸ್ಟ್ ಕಂಪನಿಯ ಬೇರು ಇರುವುದು ಆ ಕ್ಯಾಂಪಸ್ಸಿನಲ್ಲೇ. ನೃತ್ಯ ಸಂಯೋಜಕ ಜಾರ್ಜ್ ಬ್ಯಾಲಂಚೀನ್ ತಮ್ಮ ‘ಎಮರಾಲ್ಡ್ಸ್’ ಬ್ಯಾಲೆಯ ಪಾತ್ರವನ್ನು ಯಾರಿಗಾಗಿ ಹೆಣೆದರೋ ಆ ವಯಲೆಟ್ ವರ್ಡಿ, 1996ರಿಂದ ಕೊನೆಯುಸಿರಿನವರೆಗೆ ಪಾಠ ಹೇಳಿದ್ದು ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ. ಅವರ ಕೈಕೆಳಗೆ ಪಳಗಿದವರು ಕುಣಿತ ಬಿಟ್ಟವರೇ?

ಗುರುಗಳು ತೋರಿಸುವ ಇನ್ನೊಂದು ದಾರಿ, ಕಂಪನಿಯಲ್ಲಿ ಟ್ರೇನಿಯಾಗುವುದು. ಬಹಳ ಕಡೆ ಟ್ರೇನಿಗೆ ಸಂಬಳವಿಲ್ಲ. ಎಷ್ಟೋ ಕಡೆ ಅವಳೇ ಫೀಸು ಕಟ್ಟಬೇಕು. ಡಿಸೆಂಬರಿನ ‘ನಟ್‌ಕ್ರ್ಯಾಕರ್’ ಪ್ರದರ್ಶನಗಳಿಗೆ ಹಿಂದಿನ ಸಾಲು ತುಂಬಲು ಅವಳು ಬೇಕು, ಒಪ್ಪಂದಕ್ಕೆ ಸಹಿ ಹಾಕುವಾಗ ಬೇಡ. ಇಪ್ಪತ್ತೊಂದಕ್ಕೆ ಕೈಯಲ್ಲಿ ಡಿಗ್ರಿಯೂ ಇಲ್ಲ, ಕೆಲಸವೂ ಇಲ್ಲ, ಕಾಲಿನ ಗಂಟು ಬೇರೆ ನೊಂದಿರುತ್ತದೆ. ಇದನ್ನು ನಾನು ಶೋಷಣೆ ಎಂದೇ ಕರೆಯುತ್ತೇನೆ.

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕನ್ನಡದ ತಂದೆ-ತಾಯಂದಿರೂ ಕಡಿಮೆಯಿಲ್ಲ. ಹತ್ತು ವರ್ಷ ಮಗಳನ್ನು ತರಗತಿಗೆ ಕರೆದೊಯ್ಯುತ್ತಾರೆ. ಅದು ಭರತನಾಟ್ಯವಿರಲಿ, ಬ್ಯಾಲೆಯಿರಲಿ, ಕಾಲೇಜಿನ ಅರ್ಜಿಯಲ್ಲಿ ಒಂದು ಸಾಲು ತುಂಬಿದೊಡನೆ ನೃತ್ಯದ ಕೆಲಸ ಮುಗಿಯಿತು! ಮಗು ಅತ್ತರೂ ಕೇಳುವವರಿಲ್ಲ. ಕಾಲೇಜಿನಲ್ಲೂ ನೃತ್ಯ ಮುಂದುವರಿಯಲಿ ಎನ್ನುವವರು ಹುಡುಕುವುದು ಬರೀ ದೊಡ್ಡ ಹೆಸರನ್ನು. ನ್ಯೂಯಾರ್ಕಿನ ಕಲಾಶಾಲೆ ಜೂಲಿಯಾರ್ಡ್ ದೊಡ್ಡದೇ, ಆದರೆ ಅಲ್ಲಿ ಮಾಡರ್ನ್ ನೃತ್ಯಕ್ಕೂ ಬ್ಯಾಲೆಯಷ್ಟೇ ತೂಕ, ವರ್ಷಕ್ಕೆ ತೆಗೆದುಕೊಳ್ಳುವುದು ಸುಮಾರು ಇಪ್ಪತ್ನಾಲ್ಕು ಜನರನ್ನು. ಎಷ್ಟೋ ವಿಶ್ವವಿದ್ಯಾಲಯಗಳ ನೃತ್ಯ ವಿಭಾಗಗಳಲ್ಲಿ ಮಾಡರ್ನ್‌ದೇ ಮೇಲುಗೈ. ಕಾಲ್ಬೆರಳ ತುದಿಯಲ್ಲಿ ಕುಣಿಯಲು ಪಾಯಿಂಟ್ ಶೂ ಕಟ್ಟುವ ಬ್ಯಾಲೆ ತರಗತಿ ವಾರಕ್ಕೆ ಒಂದೋ ಎರಡೋ.

ಹಾಗಾಗಿ ಹಣ ಕಟ್ಟುವ ಮೊದಲು ಕೇಳಿ: ಬ್ಯಾಲೆ ತರಗತಿ ದಿನವೂ ಇದೆಯೇ? ವರ್ಷಕ್ಕೆ ಎಷ್ಟು ಸಲ ರಂಗವೇರಬಹುದು? ಮೊದಲ ವರ್ಷದವರಿಗೂ ಪಾತ್ರ ಸಿಗುತ್ತದೆಯೇ? ಬೇರೆ ವಿಷಯ ಓದುವವರಿಗೆ ಬಾಗಿಲು ತೆರೆದಿದೆಯೇ? ಕಾಲೇಜಿನ ಲೆಕ್ಕಪತ್ರವನ್ನೂ ವಿಚಾರಿಸಿ. ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್ ಮುಚ್ಚುವ ಸುದ್ದಿ 2024ರ ಮೇ 31ರಂದು ಹೊರಬಿತ್ತು. ಜೂನ್ 7ಕ್ಕೆ ಬೀಗ ಬಿತ್ತು. ಅಲ್ಲಿನ ನೃತ್ಯ ವಿದ್ಯಾರ್ಥಿಗಳು ಒಂದು ವಾರದಲ್ಲಿ ಬೀದಿಗೆ ಬಂದರು.