ಮಾರಾಟವು ತ್ಯಾಗವಲ್ಲ

ಸಂಸ್ಥೆಯೊಂದನ್ನು ಕಟ್ಟಿ ಬೆಳೆಸಿ, ಒಳ್ಳೆಯ ಬೆಲೆಗೆ ಮಾರಿ, ಐವತ್ತರ ವಯಸ್ಸಿಗೇ ಬಿಡುವು ಪಡೆದವನನ್ನು ಕಾಡುವ ಶೂನ್ಯಭಾವವನ್ನು ಆಧುನಿಕ ಜಗತ್ತಿನ ಹೊಸ ರೋಗವೆಂಬಂತೆ ವರ್ಣಿಸುವುದು ಇತ್ತೀಚಿನ ರೂಢಿ. ಅದಕ್ಕೆ ಹೇಳುವ ಮದ್ದುಗಳೂ ಪರಿಚಿತವೇ: ಇನ್ನೊಂದು ಉದ್ಯಮ, ದೇಶಸಂಚಾರ, ಕಿರಿಯ ಉದ್ಯಮಿಗಳಿಗೆ ಮಾರ್ಗದರ್ಶನ. ಈ ನಿದಾನವೂ ತಪ್ಪು, ಚಿಕಿತ್ಸೆಯೂ ತಪ್ಪು. ವಣಿಕರ ಧರ್ಮವೆಂದೇ ಹೆಸರಾದ ಜೈನಧರ್ಮ ಈ ಪ್ರಶ್ನೆಯನ್ನು ಬಹು ಹಿಂದೆಯೇ ಎತ್ತಿಕೊಂಡಿತ್ತು. ಅದರ ಉತ್ತರ ಇಂದಿನ ಸಲಹೆಗಳಿಗಿಂತ ಕಠಿಣವಾದುದು.

ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಗೃಹಸ್ಥನಿಗೆ ಹನ್ನೊಂದು ಪ್ರತಿಮೆಗಳನ್ನು, ಅಂದರೆ ಏರುಮೆಟ್ಟಿಲುಗಳನ್ನು, ವಿಧಿಸುತ್ತದೆ. ಎಂಟನೆಯದು ಆರಂಭತ್ಯಾಗ: ಸೇವೆ, ಕೃಷಿ, ವಾಣಿಜ್ಯಗಳಿಂದ ಹಿಂದೆ ಸರಿಯುವುದು. ಒಂಬತ್ತನೆಯದು ಪರಿಗ್ರಹತ್ಯಾಗ: ಸಂಪತ್ತಿನ ಮೇಲಿನ ಮಮತ್ವವನ್ನು ಬಿಡುವುದು. ಹತ್ತನೆಯದು ಅನುಮತಿತ್ಯಾಗ: ಲೌಕಿಕ ವ್ಯವಹಾರಗಳಿಗೆ ಸಮ್ಮತಿ ಕೊಡುವುದನ್ನೂ ನಿಲ್ಲಿಸುವುದು. ಈ ಕ್ರಮದಲ್ಲಿ ಮನುಷ್ಯಸ್ವಭಾವದ ಆಳವಾದ ಅರಿವಿದೆ. ಅಂಗಡಿ ಬಿಡುವುದು ಸುಲಭ. ಹಣ ಬಿಡುವುದು ಕಷ್ಟ. ‘ನನ್ನನ್ನೊಂದು ಮಾತು ಕೇಳಬೇಕಿತ್ತು’ ಎಂಬ ಅಧಿಕಾರವನ್ನು ಬಿಡುವುದು ಇನ್ನೂ ಕಷ್ಟ.

ಉದ್ಯಮ ಮಾರಿದವನು ಎಂಟನೆಯ ಮೆಟ್ಟಿಲಿನ ಹೊರರೂಪವನ್ನಷ್ಟೇ ಅನುಕರಿಸಿದ್ದಾನೆ. ಅವನ ಪರಿಗ್ರಹ ಕಡಿಮೆಯಾಗಿಲ್ಲ, ಸರಕು ನಾಣ್ಯವಾಗಿದೆ ಅಷ್ಟೆ. ದುಡಿಮೆ ಹೋಗಿ ಕಾವಲು ಮಾತ್ರ ಉಳಿದಿದೆ. ಅಂಥವನಿಗೆ ಮಾರ್ಗದರ್ಶನದ ಪೀಠವನ್ನು ಕೊಡುವುದೆಂದರೆ ಹತ್ತನೆಯ ಮೆಟ್ಟಿಲು ಬಿಡಿಸಬೇಕಾದ ಗಂಟನ್ನೇ ಇನ್ನಷ್ಟು ಬಿಗಿಯುವುದು.

ಭಟ್ಕಳ, ಹೊನ್ನಾವರ, ಕುಮಟಾಗಳ ಕರಾವಳಿ ಇದಕ್ಕೆ ಸಾಕ್ಷಿ. ಶರಾವತಿ ದಡದ ಗೇರುಸೊಪ್ಪೆ 16ನೆಯ ಶತಮಾನದಲ್ಲಿ ಕಾಳುಮೆಣಸಿನಿಂದ ಸಿರಿವಂತವಾದ ರಾಜಧಾನಿ. ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದರು. ಜನಪ್ರಿಯ ಇತಿಹಾಸ ಅಲ್ಲಿಗೇ ನಿಲ್ಲುತ್ತದೆ. ಆದರೆ ಆ ನಗರದ ಶಾಸನ ಬೇರೊಂದನ್ನು ನೆನೆಯುತ್ತದೆ: ತನ್ನ ಪೂರ್ವಿಕ ಯೋಜನ ಶ್ರೇಷ್ಠಿ ಕಟ್ಟಿಸಿದ ನೇಮೀಶ್ವರ ಚೈತ್ಯಾಲಯದ ಮುಂದೆ ಅಂಬವಣ ಶ್ರೇಷ್ಠಿ ಕಂಚಿನ ಮಾನಸ್ತಂಭವನ್ನು ನಿಲ್ಲಿಸಿದ. ಭಟ್ಕಳದಲ್ಲಿ ಜಟ್ಟಪ್ಪ ನಾಯಕನ ಹೆಸರು ಚಂದ್ರನಾಥೇಶ್ವರ ಬಸದಿಯಿಂದ, ವರ್ತಕ ಖೇತಪೈಯ ಹೆಸರು ನಾರಾಯಣ ದೇವಾಲಯದಿಂದ ಉಳಿದಿದೆ. ಸಮೀಪದ ಹಾಡುವಳ್ಳಿಯ ಮಠಪರಂಪರೆಯ ಭಟ್ಟಾಕಳಂಕ 1604ರಲ್ಲಿ ‘ಕರ್ನಾಟಕ ಶಬ್ದಾನುಶಾಸನ’ವನ್ನು ಪೂರೈಸಿದ. ಮೆಣಸಿನ ನಾಡು ಕನ್ನಡಕ್ಕೊಂದು ವ್ಯಾಕರಣವನ್ನೂ ಕೊಟ್ಟಿತು.

ಇವೆಲ್ಲ ಕೀರ್ತಿಯ ಆಸೆಯಿಂದ ಆದವು ಎಂದು ವಿಮರ್ಶಕರು ಮೂಗು ಮುರಿಯುವುದುಂಟು. ಕೀರ್ತಿಯ ಆಸೆ ಇದ್ದೀತು. ಶಾಸನಗಳು ದಾನಿಗಳನ್ನು ಹೊಗಳುತ್ತವೆ ಎಂಬುದು ನಿಜ. ಆದರೆ ನಿಲ್ಲಿಸಿದ ವಸ್ತುವನ್ನೂ ನೋಡಬೇಕು. ಕಂಡವನ ಮಾನಕಷಾಯ, ಅಂದರೆ ಅಹಂಕಾರ, ಕರಗಲೆಂದು ನಿಲ್ಲಿಸುವ ಕಂಬವೇ ಮಾನಸ್ತಂಭ. ಕೊಟ್ಟವನನ್ನೂ ತನ್ನೆದುರು ತಲೆಬಾಗಿಸುವ ದಾನವನ್ನು ಬರಿಯ ಜಂಬವೆಂದು ತಳ್ಳಿಹಾಕಲಾಗದು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಅತ್ತಿಮಬ್ಬೆಯ ಶಾಸ್ತ್ರದಾನವನ್ನು ಕೊಂಡಾಡುವ ಸಾಹಿತ್ಯಚರಿತ್ರೆ, ಕರಾವಳಿಯ ಶೆಟ್ಟರನ್ನು ಅಡಿಟಿಪ್ಪಣಿಗೆ ತಳ್ಳುವುದು ನ್ಯಾಯವಲ್ಲ.

ವ್ಯಾಪಾರವನ್ನು ಮಾರದೆ ಹಿಡಿದುಕೊಂಡವನಿಗಾದರೂ ಅದು ಶಾಶ್ವತವೇ? ಕುಮಟಾ ಉತ್ತರಿಸುತ್ತದೆ. 19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನಿಂದ ಹಡಗೇರುತ್ತಿತ್ತು. ಆ ಊರಿನಲ್ಲಿ ಬೆಳೆಯದ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರೇ ನಿಂತಿತು. ಒಳನಾಡಿಗೆ ರೈಲು ಬಂದಾಗ ಸರಕು ದಾರಿ ಬದಲಿಸಿತು, ಬಂದರು ಸೊರಗಿತು. ಮನುಷ್ಯ ಬಿಡದಿದ್ದರೂ ವ್ಯಾಪಾರವೇ ಅವನನ್ನು ಬಿಟ್ಟುಹೋಗುತ್ತದೆ.

ಆದ್ದರಿಂದ ಸಾರ್ಥಕತೆಯನ್ನು ಮಾರಾಟದ ಮರುದಿನ ಹುಡುಕಹೊರಡುವುದು ತಡವಾದ ಪ್ರಯತ್ನ. ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣ ವ್ರತ ಆರಂಭತ್ಯಾಗಕ್ಕಿಂತ ಬಹಳ ಮೊದಲೇ ಬರುತ್ತದೆ: ಗಳಿಸುತ್ತಿರುವಾಗಲೇ ‘ನನಗೆ ಇಷ್ಟು ಸಾಕು’ ಎಂದು ಗೆರೆ ಎಳೆದುಕೊಳ್ಳಬೇಕು, ಮಿಕ್ಕಿದ್ದು ತನ್ನದಲ್ಲ ಎಂದು ತಿಳಿಯಬೇಕು. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳು ಆ ಮಿಕ್ಕಿದ್ದಕ್ಕೆ ದಾರಿ ತೋರಿಸುತ್ತವೆ. ‘ಇನ್ನು ಏನು ಮಾಡಲಿ?’ ಎಂದು ಕೊರಗುವವನು ‘ಎಷ್ಟು ಸಾಕು?’ ಎಂಬ ಮೊದಲ ಪ್ರಶ್ನೆಯನ್ನು ಇನ್ನೂ ಕೇಳಿಕೊಂಡಿಲ್ಲ. ಅದನ್ನು ಕೇಳಿಕೊಳ್ಳುವ ತನಕ ಅವನು ಮಾರಿದ್ದು ಅಂಗಡಿಯನ್ನು ಮಾತ್ರ.